ಅಟ್ಟದ ಮೇಲಿನ ಅಲಸಂದೆ

ಅಕ್ಟೋಬರ್ 12, ಶನಿವಾರ

ಬರುವ ಮಂಗಳವಾರದಿಂದ ಈ ಮನೆಯಲ್ಲಿ ಬೇಳೆ ಬೇಯುವುದಿಲ್ಲ. ಚಾತುರ್ಮಾಸ್ಯದ ನಾಲ್ಕನೆಯ ತಿಂಗಳು, ದ್ವಿದಳ ವ್ರತ. ಎರಡಾಗಿ ಒಡೆಯುವ ಕಾಳು ಯಾವುದೂ ಕೂಡದು. ತೊಗರಿಯಿಲ್ಲ, ಹೆಸರಿಲ್ಲ, ಅವರೆಯಿಲ್ಲ, ಹುರುಳಿಕಾಯಿಯೂ ಇಲ್ಲ. ತರಕಾರಿ ಬಿಟ್ಟ ತಿಂಗಳಾಯಿತು, ಮೊಸರು ಬಿಟ್ಟ ತಿಂಗಳಾಯಿತು, ಹಾಲು ಬಿಟ್ಟದ್ದೂ ಮುಗಿಯುತ್ತಾ ಬಂತು. ವ್ರತ ಅತ್ತೆಯದು, ಆದರೆ ಒಲೆ ಒಂದೇ, ಹಾಗಾಗಿ ಎಲ್ಲರದೂ.

ಇದರಲ್ಲಿ ತಮಾಷೆಯೆಂದರೆ ಹಿತ್ತಲಿನ ಅಲಸಂದೆ. ಅತ್ತೆ ಪ್ರತಿ ವರ್ಷ ಆಷಾಢದಲ್ಲಿ ಬೀಜ ಊರುತ್ತಾರೆ. ಅದು ಪ್ರತಿ ವರ್ಷ ಸರಿಯಾಗಿ ತಿನ್ನಬಾರದ ತಿಂಗಳಲ್ಲೇ ಮೊಳದುದ್ದ ಕಾಯಿ ಬಿಡುತ್ತದೆ. ಈ ಕೋಡಂಬಾಕ್ಕಂ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ. ಒಂದು ತಿಂಗಳು ಮುಂಚೆ ಹಾಕಬಾರದೇ ಎಂದು ಇವತ್ತೂ ಕೇಳಿದೆ.

"ಆಡಿ ಪಟ್ಟಂ ತೇಡಿ ವಿದೈ ಅಂತಾರಲ್ಲ. ಆಷಾಢದಲ್ಲಿ ಬಿತ್ತದೆ ಇನ್ಯಾವಾಗ ಬಿತ್ತೋದು? ಬೆಳೆಯೋದು ನಮ್ಮ ಕೆಲಸ. ತಿನ್ನೋದು ಅವನು ಹೇಳಿದಾಗ," ಎಂದರು. ಅವನು ಎಂದರೆ ದೇವರಮನೆಯಲ್ಲಿರುವವನು.

ಅತ್ತೆ ಅಮ್ಮಣ್ಣಿಯವರಿಗೆ ಎಪ್ಪತ್ತೆಂಟು. ನನ್ನ ಗಂಡ ಗುರು ಅವರ ಒಬ್ಬನೇ ಮಗ, ತಾಯಿಯ ಮುಂದೆ ಬಾಯಿ ಬಿಡುವ ಪೈಕಿಯಲ್ಲ. ನಾನು ಬಿಡುತ್ತೇನೆ, ಉಪಯೋಗವಿಲ್ಲ. ಮಿಕ್ಕದ್ದನ್ನು ಇಲ್ಲಿ ಬರೆದುಕೊಳ್ಳುತ್ತೇನೆ. ಮೂರು ತಲೆಮಾರಿನಿಂದ ಮದ್ರಾಸಿನಲ್ಲಿರುವ ಈ ಮನೆಯವರು ಕನ್ನಡ ಮಾತಾಡುತ್ತಾರೆ, ಓದುವವರು ಯಾರೂ ಇಲ್ಲ. ನಂಜನಗೂಡಿನವಳಾದ ನನಗೆ ಅದೊಂದು ಅನುಕೂಲ.

ಅಕ್ಟೋಬರ್ 17, ಗುರುವಾರ

ಮೂರು ದಿನ ಮಳೆ. ಬೀದಿಯಲ್ಲಿ ಮೊಣಕಾಲುದ್ದ ನೀರು, ಮಗ ಕೌಶಿಕ್‌ಗೆ ಕಾಲೇಜಿಲ್ಲ.

ಅತ್ತೆ ಪ್ರತಿ ವರ್ಷದ ಹಾಗೆ ಅಲಸಂದೆಯನ್ನು ಉಪ್ಪು ಸವರಿ ಒಣಗಿಸಲು ನೋಡಿದರು. ಬಿಸಿಲಿದ್ದರೆ ಮೂರು ದಿನದಲ್ಲಿ ಒಣಗಿ ವತ್ತಲ್ ಆಗಿ ಗಲಗಲ ಎನ್ನುತ್ತಿತ್ತು. ಬಿಸಿಲೆಲ್ಲಿ? ತಮ್ಮ ಮಂಚದ ಮೇಲೆ ಫ್ಯಾನಿನ ಕೆಳಗೆ ಹರವಿ, ತಾವು ನೆಲದ ಮೇಲೆ ಮಲಗಿದರು. ಎರಡು ದಿನ ಹಾಗೆ. ಇವತ್ತು ಬೆಳಿಗ್ಗೆ ನೋಡಿದರೆ ಕಾಯಿಯ ಮೇಲೆಲ್ಲ ಬಿಳಿ ಬೂಷ್ಟು. ಹಿತ್ತಲಿಗೆ ಒಯ್ದು ಗುಂಡಿಗೆ ಹಾಕಿ ಬಂದು, ಕೈ ತೊಳೆದು, ಜಪಕ್ಕೆ ಕುಳಿತರು.

ಬೇಳೆಯಿಲ್ಲದ ತಿಂಗಳಲ್ಲಿ ಅತ್ತೆ ಕರಗುತ್ತಾರೆ. ಕುಪ್ಪಸದ ತೋಳು ಜೋಲಾಡುತ್ತಿದೆ. ವ್ರತ ಮುಗಿಯುವ ದ್ವಾದಶಿಯ ದಿನ ಮೊದಲ ತುತ್ತಿಗೆ ತಮ್ಮ ಹಿತ್ತಲಿನ ಅಲಸಂದೆ ಬೇಕೆಂಬ ಒಂದೇ ಆಸೆ ಆ ಮುದುಕಿಗೆ. ಅಷ್ಟರೊಳಗೆ ಬಳ್ಳಿ ಮುಗಿದಿರುತ್ತದೆ. ನನಗೆ ಯಾಕೋ ಕೆಟ್ಟದೆನಿಸಿತು.

ಅಕ್ಟೋಬರ್ 20, ಭಾನುವಾರ

ಬಾಟಲಿಯಲ್ಲಿ ಹಾಕಿದೆ. ಏಳು ಬಾಟಲಿ.

ಅಮೆರಿಕದ ಒಬ್ಬ ಹೆಂಗಸು ತನ್ನ ತೋಟದ ಹುರುಳಿಕಾಯಿಯನ್ನು ವರ್ಷವಿಡೀ ಬಾಟಲಿಯಲ್ಲಿಡುವ ವಿಡಿಯೋ ನೋಡಿದೆ. ಅವಳು ಒಂದು ದೊಡ್ಡ ಪ್ರೆಶರ್ ಪಾತ್ರೆಯಲ್ಲಿ ಬಾಟಲಿಗಳನ್ನಿಟ್ಟು ಬಹಳ ಹೊತ್ತು ಬೇಯಿಸುತ್ತಾಳೆ. ಇಲ್ಲವೇ ವಿನೆಗರ್ ಹುಯ್ಯಿ ಎನ್ನುತ್ತಾಳೆ. ಅವಳಿಗೇನು, ಅತ್ತೆಯಿಲ್ಲ. ಇಲ್ಲಿ ಬೇಯಿಸಿದರೆ ಮುಸುರೆ, ಮಾರನೆಯ ದಿನ ದೇವರ ಹತ್ತಿರ ಸುಳಿಯುವಂತಿಲ್ಲ. ವಿನೆಗರ್ ಮಡಿಗೆ ಬರುವುದಿಲ್ಲ. ಹೋಗಲಿ ಉಪ್ಪಾದರೂ ಹೆಚ್ಚು ಹಾಕೋಣವೆಂದರೆ ಅವರಿಗೆ ಬಿಪಿ.

ಹಾಗಾಗಿ ನನ್ನದೇ ಕ್ರಮ. ಮಡಿಯುಟ್ಟು, ಕಾಯಿ ತೊಳೆದು ಹೆಚ್ಚಿ, ಹಸಿಯಾಗಿಯೇ ಬಾಟಲಿಗೆ ಒತ್ತಿ ತುಂಬಿದೆ. ಸ್ವಲ್ಪ ಉಪ್ಪು ಹಾಕಿ ಕುದಿಸಿದ ನೀರನ್ನು ಕಂಠದವರೆಗೆ ಹುಯ್ದೆ. ಬಿಸಿಯಿರುವಾಗಲೇ ಮುಚ್ಚಳ ಬಿಗಿದೆ.

ಅತ್ತೆ ಬಾಗಿಲಲ್ಲಿ ನಿಂತು ವಿಚಾರಣೆ ನಡೆಸಿದರು. "ಒಲೆ ಮೇಲಿಟ್ಟು ಬೇಯಿಸಿಲ್ಲ ತಾನೆ?"

"ಇಲ್ಲ. ಬಿಸಿನೀರು ಹುಯ್ದಿದ್ದು ಅಷ್ಟೇ."

"ಹಾಗಾದ್ರೆ ಉಪ್ಪಿನಕಾಯಿ ಲೆಕ್ಕ. ಪರವಾಯಿಲ್ಲ. ಫ್ರಿಜ್ಜಲ್ಲಿ ಮಾತ್ರ ಬೇಡಮ್ಮ, ಅಲ್ಲಿ ಹಾಲು ಮೊಸರು ಇದೆ. ವ್ರತ ಮುಗಿಯೋತನಕ ಪರಣ್ ಮೇಲೆ ಇಡು."

ಪರಣ್ ಎಂದರೆ ಅಡುಗೆಮನೆಯ ಅಟ್ಟ. ಹತ್ತಿಸಿಟ್ಟೆ. ಕೆಳಗೆ ನಿಂತು ಅತ್ತೆ ಒಂದೊಂದಾಗಿ ಎಣಿಸಿದರು. ಹಸಿರು ಕಾಯಿಗಳು ಗಾಜಿನೊಳಗೆ ಅಚ್ಚುಕಟ್ಟಾಗಿ ನಿಂತಿದ್ದವು. "ನಿಂಗೆ ಬುದ್ಧಿ ಇದೆ," ಎಂದರು. ಇಪ್ಪತ್ತೆರಡು ವರ್ಷದಲ್ಲಿ ಇದು ಎರಡನೆಯ ಸಲ. ಮೊದಲನೆಯದು ಕೌಶಿಕ್ ಹುಟ್ಟಿದಾಗ.

ನವೆಂಬರ್ 2, ಶನಿವಾರ

ದೀಪಾವಳಿಗೆ ನಾದಿನಿ ಹರಿಪ್ರಿಯಾ ತಿರುವೊಟ್ಟಿಯೂರಿನಿಂದ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ಶಾಲೆಯಲ್ಲಿ ಗಣಿತ ಹೇಳಿಕೊಡುವವಳು, ಎಲ್ಲದಕ್ಕೂ ಲೆಕ್ಕ ಕೇಳುತ್ತಾಳೆ. ಆದರೆ ನನ್ನೊಂದಿಗೆ ಅವಳಿಗೆ ಜಗಳವಿಲ್ಲ, ತಾಯಿಯೊಂದಿಗೆ ಮಾತ್ರ. ಹೋಗುವಾಗ ಎರಡು ಬಾಟಲಿ ಕೇಳಿ ತೆಗೆದುಕೊಂಡಳು. ದ್ವಾದಶಿಯಾದ ಮೇಲೆ ತೆಗೆಯುತ್ತೇನೆ ಎಂದಳು. ಅವಳ ಮನೆಯಲ್ಲೂ ವ್ರತವಿದೆ, ಅತ್ತೆಯ ಕಣ್ಣಿಲ್ಲ ಅಷ್ಟೇ.

ನವೆಂಬರ್ 13, ಬುಧವಾರ

ದ್ವಾದಶಿ. ಸಾಯಂಕಾಲ ತುಳಸಿ ಪೂಜೆಯೂ ಆಯಿತು, ಕಾಲು ಬಿದ್ದುಹೋಗಿದೆ.

ನಿನ್ನೆ ಏಕಾದಶಿ, ಅತ್ತೆ ನೀರು ಸಹ ಮುಟ್ಟಿರಲಿಲ್ಲ. ಬೆಳಿಗ್ಗೆ ಆರೂವರೆಗೆ ಪಾರಣೆ. ಅಗಸೆಸೊಪ್ಪಿನ ಪಲ್ಯ, ನೆಲ್ಲಿಕಾಯಿ ಚಟ್ನಿ, ಬೇಳೆ ಹಾಕಿದ ಸಾರು. ಅದರ ಜೊತೆ ನನ್ನ ಅಲಸಂದೆ ಕೋಸಂಬರಿ. ಬಾಟಲಿಯ ಮುಚ್ಚಳ ಸ್ವಲ್ಪ ಉಬ್ಬಿತ್ತು. ತಿರುಗಿಸಿದರೆ ಬುಸ್ ಎಂದಿತು. ಬಿಗಿಯಾಗಿ ಹಾಕಿದ್ದೇನೆ ಎಂದುಕೊಂಡೆ. ನೀರು ಬಸಿದು, ತೆಂಗಿನತುರಿ, ಹಸಿಮೆಣಸು, ಸಾಸಿವೆ ಒಗ್ಗರಣೆ. ನೈವೇದ್ಯಕ್ಕೆ ಮೊದಲು ರುಚಿ ನೋಡುವಂತಿಲ್ಲ, ಮೂಸುವಂತೆಯೂ ಇಲ್ಲ. ಮೂಗನ್ನು ಒಂದು ಪಕ್ಕಕ್ಕೆ ತಿರುಗಿಸಿಕೊಂಡೇ ಅಡುಗೆ ಮಾಡುವುದು ನನಗೆ ಈಗ ಅಭ್ಯಾಸ.

ಅತ್ತೆ ಕೋಸಂಬರಿಯನ್ನು ಎರಡು ಸಲ ಹಾಕಿಸಿಕೊಂಡರು. ಉಪವಾಸದವರಿಗೆ ಬಡಿಸುವಾಗ ಮಾತಾಡಬಾರದು, ಹೇಗಿದೆಯೆಂದು ಕೇಳಲಿಲ್ಲ. ಅವರೇ, "ಚೆನ್ನಾಗಿದೆ, ಒಂಚೂರು ಮೆತ್ತಗಾಗಿದೆ," ಎಂದರು.

ಮಿಕ್ಕಿದ್ದನ್ನು ಮಧ್ಯಾಹ್ನ ಬಾಣಲೆಗೆ ಹಾಕಿ, ನೀರು ಚಿಮುಕಿಸಿ ಚೆನ್ನಾಗಿ ಬೇಯಿಸಿ ಪಲ್ಯ ಮಾಡಿದೆ. ಗುರು, ಕೌಶಿಕ್, ನಾನು ಊಟ ಮಾಡಿದೆವು.

ನವೆಂಬರ್ 14, ಗುರುವಾರ

ಬೆಳಿಗ್ಗೆ ಅತ್ತೆ ಕಾಫಿಗೆ ಬರಲಿಲ್ಲ. ಹೋಗಿ ನೋಡಿದರೆ ಮಂಚದ ಮೇಲೆ ಕುಳಿತಿದ್ದಾರೆ, ರೆಪ್ಪೆಗಳು ಅರ್ಧ ಮುಚ್ಚಿವೆ. ನಿದ್ದೆಯೆಂದುಕೊಂಡೆ.

"ನಂದಿತಾ, ಎಲ್ಲಾ ಎರಡೆರಡಾಗಿ ಕಾಣ್ತಿದೆ," ಎಂದರು. ನಾಲಿಗೆ ದಪ್ಪವಾಗಿತ್ತು. "ನೀನೂ ಎರಡು. ಒಬ್ಬ ಸೊಸೆನೇ ತಾಳಕ್ಕಾಗಲ್ಲ, ಇನ್ನು ಇಬ್ಬರಾ?"

ನಾನು ನಕ್ಕೆ. ನಕ್ಕದ್ದನ್ನು ಬರೆದಿಡಬೇಕು.

ಕೌಶಿಕ್ ಓಡಿ ಬಂದು, "ಪಾಟಿ, ಕೊಂಚಂ ಸಿರಿಂಗೊ," ಎಂದು ಅಜ್ಜಿಗೆ ನಗಲು ಹೇಳಿದ. ತುಟಿ ಏಳಲಿಲ್ಲ. "ಅಮ್ಮಾ, ಸ್ಟ್ರೋಕ್ ಮಾದಿರಿ ಇರುಕ್ಕು, ಕಿಳಂಬು," ಎಂದು ನನ್ನನ್ನು ಹೊರಡಿಸಿದ. ಹತ್ತು ಗಂಟೆಗೆ ಆಸ್ಪತ್ರೆ ಸೇರಿಸಿದೆವು.

ನಿನ್ನೆ ಏನು ತಿಂದರು ಎಂದು ಡಾಕ್ಟರು ಕೇಳಿದರು. ಉಪವಾಸ, ಪಾರಣೆ ಎಲ್ಲ ಹೇಳಿದೆ. ಅನ್ನ, ಸಾರು, ಅಗಸೆಸೊಪ್ಪು, ನೆಲ್ಲಿಕಾಯಿ. ಕೋಸಂಬರಿ ನೆನಪಿಗೆ ಬರಲಿಲ್ಲ. ಆ ಗಡಿಬಿಡಿಯಲ್ಲಿ ಯಾರಿಗೆ ಬರುತ್ತದೆ?

ನವೆಂಬರ್ 15, ಶುಕ್ರವಾರ

ಸ್ಕ್ಯಾನಿನಲ್ಲಿ ಮೆದುಳಿಗೆ ಏನೂ ಆಗಿಲ್ಲ. ಆದರೆ ಬೆಳಗಿನ ಹೊತ್ತಿಗೆ ನುಂಗಲು ಆಗಲಿಲ್ಲ, ಹನ್ನೊಂದಕ್ಕೆ ಕತ್ತು ನಿಲ್ಲಲಿಲ್ಲ, ಮಧ್ಯಾಹ್ನ ಉಸಿರಾಟಕ್ಕೆ ಯಂತ್ರ ಹಾಕಿದರು. ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ನಿಲ್ಲುತ್ತಾ ಬರುತ್ತಿದೆ.

ಬಟ್ಟೆ ತರಲು ಮನೆಗೆ ಬಂದೆ. ಅಡುಗೆಮನೆಯಲ್ಲಿ ಏನೋ ನಾತ. ಅಟ್ಟದ ಮೇಲೆ ಒಂದು ಬಾಟಲಿಯ ಮುಚ್ಚಳದಿಂದ ನೀರು ಒಸರಿ ಗೋಡೆಯ ಮೇಲೆ ಇಳಿದಿತ್ತು. ಇನ್ನೆರಡರ ಮುಚ್ಚಳ ಡುಬ್ಬವಾಗಿತ್ತು. ನಾಲ್ಕನ್ನೂ ಚೀಲಕ್ಕೆ ಹಾಕಿ ಬೀದಿಯ ಕಸದ ತೊಟ್ಟಿಗೆ ಹಾಕಿದೆ. ಗೋಡೆ ಒರೆಸಿದೆ.

ಹರಿಪ್ರಿಯಾಗೆ ಫೋನ್ ಮಾಡಿದೆ. ಅವಳು ಆಸ್ಪತ್ರೆಗೆ ಹೊರಟಿದ್ದಳು.

"ಆ ಬಾಟಲಿ ತೆಗ್ದ್ಯಾ?"

"ಯಾವ ಬಾಟ್ಲಿ? ಅಲಸಂದೇನಾ? ಇಲ್ಲ, ಮಕ್ಳು ನಾಳೆ ಸ್ಯಾಂಡ್‌ವಿಚ್ಚಿಗೆ ಹಾಕ್ಕೋತೀವಿ ಅಂದ್ರು. ಈಗ ಯಾಕೆ?"

"ಉಪ್ಪು ಕಮ್ಮಿ ಆಗಿ ಕೆಟ್ಟುಹೋಗಿದೆ. ನಮ್ಮದೂ ಕೆಟ್ಟಿತು. ಮುಚ್ಚಳ ತೆಗೀಬೇಡ, ಹಾಗೇ ಬಿಸಾಕು. ಈಗ್ಲೇ."

"ಸರಿ," ಎಂದಳು. ಅತ್ತೆಯ ಬಗ್ಗೆ ಕೇಳಿ ಅಳತೊಡಗಿದಳು.

ಕೆಟ್ಟ ಪದಾರ್ಥ ಬಿಸಾಡುವುದು ಯಾರಾದರೂ ಮಾಡುವ ಕೆಲಸ. ಬಾಟಲಿಗೂ ರೆಪ್ಪೆಗೂ ಏನು ಸಂಬಂಧ? ಅದೇ ಕಾಯಿಯನ್ನು ನಾವು ಮೂವರೂ ತಿಂದಿದ್ದೇವೆ. ಹೊಟ್ಟೆ ಕೂಡ ಕೆಟ್ಟಿಲ್ಲ.

ನವೆಂಬರ್ 16, ಶನಿವಾರ

ಉಷಾ ಎಂಬ ಹೊಸ ಡಾಕ್ಟರ್ ಬಂದರು. ಚಿಕ್ಕ ವಯಸ್ಸು, ಕಣ್ಣು ಮಿಟುಕಿಸದೆ ಕೇಳುತ್ತಾರೆ. ಹೊರಗಡೆ ತಿಂದರೇ? ಡಬ್ಬಿಯಲ್ಲಿ, ಬಾಟಲಿಯಲ್ಲಿ ಮುಚ್ಚಿಟ್ಟದ್ದು ಏನಾದರೂ? ಎಂದು ತಮಿಳಿನಲ್ಲಿ ಕೇಳಿದರು.

ಗುರು ನನ್ನ ಕಡೆ ನೋಡಿದರು. ನಾನು ಇಲ್ಲ ಎಂದೆ.

"ನಮ್ಮಮ್ಮ ಮಡಿ, ಡಾಕ್ಟರ್. ಹೊರಗಿನ ನೀರೂ ಕುಡಿಯಲ್ಲ," ಎಂದು ಗುರು ಹೆಮ್ಮೆಯಿಂದ ಹೇಳಿದರು.

ಉಪ್ಪಿನಕಾಯಿ? ಎಂದರು ಡಾಕ್ಟರ್. ವ್ರತದಲ್ಲಿ ಉಪ್ಪಿನಕಾಯಿಯಿಲ್ಲ ಎಂದೆ. ಅದು ನಿಜವೇ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕೇ? ಅವರು ಎಲ್ಲರನ್ನೂ ಹೀಗೆಯೇ ಕೇಳುತ್ತಾರೆ. ನರದ ಕಾಯಿಲೆಯಿರಬಹುದೆಂದು ಬೇರೆ ಔಷಧಿ ಶುರುಮಾಡಿದ್ದಾರೆ. ಅದರಲ್ಲೇ ಗುಣವಾಗುತ್ತದೆ.

ನವೆಂಬರ್ 17, ಭಾನುವಾರ

ಕೈಬೆರಳು ಸ್ವಲ್ಪ ಆಡುತ್ತಿತ್ತು. ಇವತ್ತು ಅದೂ ಇಲ್ಲ.

ನವೆಂಬರ್ 18, ಸೋಮವಾರ

ಗುಣವಾಗಿಲ್ಲ.

ನವೆಂಬರ್ 19, ಮಂಗಳವಾರ

ಹೇಳಿದೆ.

ಬೆಳಿಗ್ಗೆ ಒಳಗೆ ಬಿಟ್ಟಿದ್ದರು. ಅಮ್ಮ ಬೊಂಬೆಯ ಹಾಗೆ ಮಲಗಿದ್ದರು. ಪ್ರಜ್ಞೆಯಿಲ್ಲ, ಪಾಪ, ಏನೂ ಗೊತ್ತಾಗುವುದಿಲ್ಲ ಎಂದು ನಾನು ನರ್ಸಿಗೆ ಹೇಳಿದೆ. ಅವಳು ಇಲ್ಲವೆಂದು ತಲೆಯಾಡಿಸಿದಳು. ಎಲ್ಲ ಗೊತ್ತಾಗುತ್ತೆ, ಕೇಳಿಸುತ್ತೆ, ನೋವೂ ಇದೆ, ತೋರಿಸಲು ಆಗುವುದಿಲ್ಲ ಅಷ್ಟೇ ಎಂದಳು. ಬೆರಳಿನಿಂದ ರೆಪ್ಪೆಯನ್ನು ಎತ್ತಿ ಹಿಡಿದಳು. ಒಳಗೆ ಅಮ್ಮನ ಕಣ್ಣು. ನನ್ನನ್ನೇ ನೋಡುತ್ತಿತ್ತು.

ಉಷಾ ಡಾಕ್ಟರನ್ನು ಹುಡುಕಿಕೊಂಡು ಹೋದೆ. ಬಾಟಲಿ, ಬಿಸಿನೀರು, ಕಮ್ಮಿ ಉಪ್ಪು, ಉಬ್ಬಿದ ಮುಚ್ಚಳ, ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಹುಳಿ ಹಾಕಿದ್ದಿರಾ? ಇಲ್ಲ. ನಿಂಬೆಹಣ್ಣು? ಇಲ್ಲ. ನೀವು ತಿಂದಿರಾ? ತಿಂದೆವು, ನಮಗೇನೂ ಆಗಲಿಲ್ಲ ಎಂದೆ, ಅದೊಂದನ್ನೇ ಹಿಡಿದುಕೊಂಡು. ಹೇಗೆ ತಿಂದಿರಿ? ಬೇಯಿಸಿ. ಬೇಯಿಸಿದರೆ ಆ ವಿಷ ಸಾಯುತ್ತದೆ, ಅವರು ಹಸಿಯಾಗಿ ತಿಂದರು ಎಂದರು. ಗಾಳಿಯಿಲ್ಲದ ಬಾಟಲಿಯಲ್ಲಿ ಹುಟ್ಟುವ ವಿಷವಂತೆ. ಅದಕ್ಕೆ ಮದ್ದಿದೆ, ಊರಲ್ಲಿಲ್ಲ, ತರಿಸಬೇಕು. ರಕ್ತದಲ್ಲಿ ಉಳಿದಿರುವ ವಿಷವನ್ನು ಅದು ತಡೆಯುತ್ತದೆ. ಆಗಲೇ ನರಕ್ಕೆ ಹಿಡಿದದ್ದನ್ನು ಬಿಡಿಸುವುದಿಲ್ಲ. ಮೊದಲೆರಡು ದಿನದಲ್ಲಿ ಗೊತ್ತಾಗಿದ್ದರೆ ಎಂದು ಶುರುಮಾಡಿ ನಿಲ್ಲಿಸಿದರು.

ಯಾವಾಗ ನೆನಪಾಯಿತು ಎಂದು ಕೇಳಿದರು. ಇವತ್ತು ಬೆಳಿಗ್ಗೆ ಎಂದೆ.

ನಮ್ಮ ಮನೆಯಲ್ಲಿ ನಿಂಬೆಹಣ್ಣು ಬುಟ್ಟಿಯಲ್ಲೇ ಇತ್ತು. ಏಳು ಬಾಟಲಿಗೆ ಏಳು ಹಣ್ಣು. ಅದಕ್ಕೆ ಯಾವ ಮಡಿಯೂ ಅಡ್ಡ ಬರುತ್ತಿರಲಿಲ್ಲ.

ನವೆಂಬರ್ 21, ಗುರುವಾರ

ಮದ್ದು ಬಂತು, ಕೊಟ್ಟರು.

ಗುರುವಿಗೆ ಡಾಕ್ಟರೇ ಹೇಳಿದ್ದರು. ಎರಡು ದಿನ ಅವರು ನನ್ನೊಂದಿಗೆ ಮಾತಾಡಲಿಲ್ಲ. ಇವತ್ತು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಎದುರು ಬಂದು ಕುಳಿತರು.

"ನೀನು ಬೇಕೂಂತ ಮಾಡ್ಲಿಲ್ಲ. ಅಮ್ಮಂಗೆ ಇಷ್ಟ ಅಂತ ಮಾಡ್ದೆ," ಎಂದರು. "ಕಾಯಿಲಿ ವಿಷ ಇರುತ್ತೆ ಅಂತ ನಿನಗೆ ಹೇಗೆ ತೆರಿಯುಂ, ಹೇಗೆ ಗೊತ್ತಾಗ್ಬೇಕು? ಗೊತ್ತಾದ ಕೂಡ್ಲೆ ಓಡಿ ಹೋಗಿ ಹೇಳಿದ್ಯಲ್ಲ. ಅದು ದೊಡ್ಡದು."

ನಾನು ಕಾಫಿ ಕುಡಿದೆ.

ನವೆಂಬರ್ 25, ಸೋಮವಾರ

ಅಮ್ಮನ ಹತ್ತಿರ ದಿನಕ್ಕೆ ಹತ್ತು ನಿಮಿಷ. ನಾನು ರೆಪ್ಪೆ ಎತ್ತಿ ಹಿಡಿಯುತ್ತೇನೆ, ಒಂದು ಸಲ ಎಡದ್ದು, ಒಂದು ಸಲ ಬಲದ್ದು. ಬಳ್ಳಿ ಮುಗಿಯಿತು ಎಂದು ಹೇಳಿದೆ. ಬೀಜಕ್ಕೆ ಬಿಟ್ಟ ಹತ್ತು ಕಾಯಿ ಒಣಗಿವೆ, ಕೌಶಿಕ್ ಬಿಡಿಸಿಟ್ಟಿದ್ದಾನೆ ಎಂದೆ. ಕಾಲಿಗೆ ಎಣ್ಣೆ ಹಚ್ಚಿದೆ. ಹಿಮ್ಮಡಿ ಒಡೆದು ಒರಟಾಗಿದೆ. ಈ ಕಾಲನ್ನು ನಾನು ಹಬ್ಬದ ದಿನಗಳಲ್ಲಿ ಬೆರಳ ತುದಿಯಿಂದ ಮುಟ್ಟಿದ್ದೇನೆ, ಅಷ್ಟೇ.

ಬಾಟಲಿಯ ವಿಷಯವನ್ನೂ ಹೇಳಿದೆ. ನನ್ನ ಕೈಯಿಂದ ಆಯಿತು ಅಮ್ಮಾ ಎಂದೆ. ಕಣ್ಣಿನಿಂದ ನೀರು ಇಳಿಯಿತು. ರೆಪ್ಪೆ ಎತ್ತಿ ಹಿಡಿದರೆ ಕಣ್ಣು ಒಣಗಿ ತಾನಾಗಿಯೇ ನೀರು ಬರುತ್ತದೆ ಎಂದು ನರ್ಸ್ ಹೇಳಿದಳು.

ನವೆಂಬರ್ 30, ಶನಿವಾರ

ಚಂಡಮಾರುತ. ರಸ್ತೆಯೆಲ್ಲ ನೀರು, ಆಸ್ಪತ್ರೆಗೆ ಹೋಗಲಾಗಲಿಲ್ಲ. ಫೋನಿನಲ್ಲಿ ಹೇಳಿದರು: ಪುಪ್ಪುಸಕ್ಕೆ ಕಫ ಇಳಿದಿದೆ, ಜ್ವರವಿದೆ. ಇವತ್ತು ಅಮ್ಮನ ರೆಪ್ಪೆ ಎತ್ತುವವರು ಯಾರೂ ಇಲ್ಲ. ದಿನವಿಡೀ ಕತ್ತಲೆ ಅವರಿಗೆ.

ಡಿಸೆಂಬರ್ 3, ಮಂಗಳವಾರ

ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಹೋದರು.

ಡಿಸೆಂಬರ್ 8, ಭಾನುವಾರ

ಬಂದವರೆಲ್ಲ ಒಂದೇ ಮಾತು ಹೇಳುತ್ತಾರೆ. ನಾಲ್ಕು ತಿಂಗಳ ವ್ರತ ಮುಗಿಸಿ, ಏಕಾದಶಿ ಉಪವಾಸ ಮಾಡಿ, ದ್ವಾದಶಿಯ ಪಾರಣೆ ಮಾಡಿ ಮಲಗಿದರು, ಎಂಥ ಪುಣ್ಯವಂತೆ. ಕಡೆಯ ಊಟ ಸೊಸೆಯ ಕೈಯಲ್ಲೇ ಆಯಿತು ಎಂದು ಒಬ್ಬರು ನನ್ನ ಗಲ್ಲ ಹಿಡಿದರು. ನನ್ನಿಂದ ಸಹಿಸಲಾಗುತ್ತಿಲ್ಲ. ಸಹಿಸಿಕೊಂಡು ಎಲ್ಲರಿಗೂ ಬಡಿಸುತ್ತಿದ್ದೇನೆ.

ಡಿಸೆಂಬರ್ 15, ಭಾನುವಾರ

ವೈಕುಂಠ ಸಮಾರಾಧನೆ ಆಯಿತು. ಎಲ್ಲರೂ ಹೊರಟ ಮೇಲೆ ಹರಿಪ್ರಿಯಾ ಉಳಿದಳು. ಎಲೆ ತೆಗೆದಳು, ನೆಲ ಒರೆಸಿದಳು, ನನ್ನನ್ನು ಹಿತ್ತಲಿಗೆ ಕರೆದಳು. ಈ ಹದಿಮೂರು ದಿನ ಅವಳು ನನ್ನೊಂದಿಗೆ ಮಾತಾಡಿದ್ದು ಕೆಲಸಕ್ಕೆ ಬೇಕಾದಷ್ಟೇ. ದುಃಖವಿರಬಹುದೆಂದುಕೊಂಡಿದ್ದೆ.

ಒಣಗಿದ ಬಳ್ಳಿ ಇನ್ನೂ ದಾರದ ಮೇಲಿತ್ತು. ಅವಳು ಅದನ್ನು ಬಿಡಿಸುತ್ತಾ, ನನ್ನ ಕಡೆ ನೋಡದೆ ಕೇಳಿದಳು.

"ನೀನು ನಂಗೆ ಫೋನ್ ಮಾಡಿದ್ದು ಯಾವತ್ತು?"

ನಾನು ಬಳ್ಳಿಯ ಇನ್ನೊಂದು ತುದಿ ಹಿಡಿದೆ. ಅವಳೇ ಹೇಳಿದಳು.

"ಶುಕ್ರವಾರ. ಎರಡೂಕಾಲಿಗೆ. ಫೋನಲ್ಲಿ ಇನ್ನೂ ಇದೆ, ದಿನಾ ತೆಗೆದು ನೋಡ್ತೀನಿ. ಮುಚ್ಚಳ ತೆಗೀಬೇಡ, ಈಗ್ಲೇ ಬಿಸಾಕು ಅಂದೆ. ನಿನ್ ಸ್ವರ ನಡುಗ್ತಿತ್ತು. ಡಾಕ್ಟರಿಗೆ ಹೇಳಿದ್ದು ಮಂಗಳವಾರ."

"ನಂಗೆ ಖಾತ್ರಿ ಇರ್ಲಿಲ್ಲ," ಎಂದೆ.

"ನನ್ ಮಕ್ಕಳ ವಿಷಯಕ್ಕೆ ಖಾತ್ರಿ ಬೇಕಾಗಿರ್ಲಿಲ್ಲ." ಅವಳು ಗಟ್ಟಿಯಾಗಿ ಮಾತಾಡಲಿಲ್ಲ. "ನೀನು ಅವತ್ತು ನನ್ ಮಕ್ಕಳನ್ನ ಕಾಪಾಡ್ದೆ, ನಂದಿತಾ. ಅದಕ್ಕೆ ನಾನು ಸಾಯೋತನಕ ನಿನಗೆ ಕೈಮುಗೀಬೇಕು. ಅದೇ ಬಾಯಿಂದ ನಮ್ಮಮ್ಮನಿಗೋಸ್ಕರ ಇನ್ನೊಂದು ಮಾತು ಆಡೋಕೆ ನಾಲ್ಕು ದಿನ ಬೇಕಾಯ್ತು. ಯಾಕೆ?"

ಯಾಕೆ ಎಂದು ನನಗೆ ಗೊತ್ತಿದೆ. ಇಪ್ಪತ್ತೆರಡು ವರ್ಷಕ್ಕೆ ಎರಡು ಸಲ ಬುದ್ಧಿವಂತೆ ಎನ್ನಿಸಿಕೊಂಡವಳು ನಾನು. ಎರಡನೆಯದನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ. ಇದನ್ನು ಅವಳಿಗೆ ಹೇಳಲಿಲ್ಲ.

ಅವಳು ದಾರವನ್ನು ಸುತ್ತಿ ಉಂಡೆ ಮಾಡಿ ಕಟ್ಟೆಯ ಮೇಲಿಟ್ಟಳು. ಸೆರಗಿನಿಂದ ಕೈ ಒರೆಸಿಕೊಂಡಳು.

"ಅಣ್ಣನಿಗೆ ನಾನು ಹೇಳಲ್ಲ. ಅವನಿಗೆ ಈಗ ಇರೋದು ನೀನೊಬ್ಬಳೇ. ನೀನೂ ಹೇಳ್ಬೇಡ. ನಾನು ಮಾತ್ರ ಇನ್ನು ಈ ಮನೆಗೆ ಬರಲ್ಲ. ಏನಾದ್ರೂ ಸಬೂಬು ಹೇಳಿಕೋ," ಎಂದು ಚಪ್ಪಲಿ ಮೆಟ್ಟಿ ಹೊರಟಳು.

ಗುರು ಒಳಗಿನಿಂದ, ಹರಿಪ್ರಿಯಾ ಏನಂದಳು ಎಂದು ಕೇಳಿದರು. ಸುಸ್ತಾಗಿದ್ದಾಳೆ, ಹೊರಟಳು ಎಂದೆ.

ಹೇಳಬೇಡ ಎಂದು ಅವಳು ಅಂದಾಗ ನನಗೆ ಮೊದಲು ಆದದ್ದು ಸಮಾಧಾನ. ಅಳು ಬಂದದ್ದು ಆಮೇಲೆ.